ಈ ಹುಣ್ಣಿವಿಗೆ ಎಲ್ಲಿ?

ಕುಷ್ಟಗಿ ಬಸ್ ನಿಲ್ದಾಣದ ಮಗ್ಗುಲಿನ ಚಹಾದಂಗಡಿಯಲ್ಲಿ ಇಬ್ಬರು ಕೂತರೆ ಮಳೆ, ರೇಟು, ರಾಜಕಾರಣ ಎಲ್ಲ ಮುಗಿದ ಮೇಲೆ ಬರುವ ಮಾತು ಒಂದೇ: "ಈ ಹುಣ್ಣಿವಿಗೆ ಎಲ್ಲಿ?" ಯಾವ ಊರಿನ ತೇರು, ಎಲ್ಲಿ ಕುಸ್ತಿ, ಎಲ್ಲಿ ರಾತ್ರಿ ಬಯಲಾಟ, ಎಲ್ಲಿ ಊಟ ಚಲೋ ಹಾಕುತ್ತಾರೆ ಎಂಬ ನಾಲ್ಕೂ ಪ್ರಶ್ನೆ ಆ ಮೂರು ಶಬ್ದದೊಳಗೆ ಅಡಗಿವೆ. ಉತ್ತರ ಹೇಳಲು ಯಾರೂ ಮೊಬೈಲು ತೆಗೆಯುವುದಿಲ್ಲ. ಗಲ್ಲಾಪೆಟ್ಟಿಗೆಯ ಹಿಂದೆ ಮೊಳೆಗೆ ತೂಗಿದ ಕ್ಯಾಲೆಂಡರಿನಲ್ಲಿ ಕರಿ ಚುಕ್ಕೆ, ಬಿಳಿ ಚುಕ್ಕೆ ನೋಡಿದರೆ ಆಯಿತು.

1997ರಲ್ಲಿ ರಾಯಚೂರಿನಿಂದ ಬೇರೆಯಾಗಿ ಕೊಪ್ಪಳ ಜಿಲ್ಲೆ ಹುಟ್ಟಿದಾಗ ಅದರ ಪಾಲಿಗೆ ಬಂದದ್ದು ನಾಲ್ಕು ತಾಲ್ಲೂಕು: ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ. ಕುಕನೂರು, ಕಾರಟಗಿ, ಕನಕಗಿರಿ ತಾಲ್ಲೂಕುಗಳಾದದ್ದು ಆಮೇಲೆ. ಈ ಸೀಮೆಗೆ ದೊಡ್ಡ ರಂಗಮಂದಿರದ ಪರಂಪರೆಯಿಲ್ಲ, ಟಿಕೆಟ್ಟಿನ ಸಂಗೀತ ಕಛೇರಿಯ ರೂಢಿಯೂ ಇಲ್ಲ. ಹಾಗೆಂದು ಇಲ್ಲಿ ಕಲೆ, ಊಟ, ಆಟಕ್ಕೆ ಬರ ಬಿದ್ದದ್ದು ಯಾವಾಗಲೂ ಇಲ್ಲ, ಮಳೆಗೆ ಬರ ಬಿದ್ದಾಗಲೂ ಇಲ್ಲ. ಅವುಗಳ ತಾರೀಖು ಯಾರ ಕೈಯಲ್ಲೂ ಇರಲಿಲ್ಲ, ಚಂದ್ರನ ಕೈಯಲ್ಲಿತ್ತು, ಅಷ್ಟೇ.

ಜನರನ್ನು ಒಂದೆಡೆ ಕೂಡಿಸುವ ಸದ್ದು ಈ ನೆಲದಲ್ಲಿ ಎಷ್ಟು ಹಳೆಯದು ಎಂದು ತಿಳಿಯಬೇಕಾದರೆ ಗಂಗಾವತಿ ಸಮೀಪದ ಹಿರೇಬೆಣಕಲ್ಲಿನ ಗುಡ್ಡ ಹತ್ತಬೇಕು. ಎರಡೂವರೆ ಸಾವಿರ ವರ್ಷಕ್ಕೂ ಹಿಂದಿನ ಸುಮಾರು 400 ಶಿಲಾಸಮಾಧಿಗಳು ಅಲ್ಲಿ ಊರಿನಂತೆ ಹರಡಿಕೊಂಡಿವೆ. ನಾಲ್ಕು ಚಪ್ಪಡಿ ನಿಲ್ಲಿಸಿ ಮೇಲೊಂದು ಚಪ್ಪಡಿ ಮುಚ್ಚಿದ, ಒಂದು ಗೋಡೆಗೆ ದುಂಡನೆಯ ಕಿಂಡಿ ಕೊರೆದ ಈ ಮನೆಗಳನ್ನು ಸುತ್ತಲಿನವರು 'ಮೋರ್ಯರ ಮನೆ' ಎನ್ನುತ್ತಾರೆ. ಗುಡ್ಡದ ಬಂಡೆಯೊಂದರ ಮೇಲೆ ಅರ್ಧಗೋಳದ ಆಕಾರದ ದೊಡ್ಡ ಕಲ್ಲು ಕೂತಿದೆ, ಆಳೆತ್ತರಕ್ಕೆ ಸ್ವಲ್ಪ ಕಡಿಮೆ. ಕಟ್ಟಿಗೆಯ ಕೊಡತಿಯಿಂದ ಬಡಿದರೆ ಕಂಚಿನ ಗಂಟೆಯಂತೆ ಗುಂಯ್‌ಗುಟ್ಟುತ್ತದೆ, ಸದ್ದು ಒಂದು ಕಿಲೋಮೀಟರ್ ಆಚೆಗೂ ಹೋಗುತ್ತದೆ. ಅದಕ್ಕೆ ಕಲ್ಲಿನ ನಗಾರಿ ಎಂದೇ ಹೆಸರು. ಅಲ್ಲಿಯ ಕಲ್ಲಾಸರೆಗಳಲ್ಲಿ ಕೆಮ್ಮಣ್ಣಿನಿಂದ ಬರೆದ ಚಿತ್ರಗಳೂ ಇವೆ. ಬೇಟೆಗಾರರು, ಕುದುರೆ, ಜಿಂಕೆ, ಮತ್ತೆ ಕುಣಿಯುವ ಜನ. ಸತ್ತವರಿಗೆ ಮನೆ ಕಟ್ಟಿದವರು ಬದುಕಿದವರ ಕುಣಿತವನ್ನೂ ಬರೆದಿಟ್ಟು ಹೋಗಿದ್ದಾರೆ. 2021ರಲ್ಲಿ ಈ ಜಾಗ ಯುನೆಸ್ಕೊ ವಿಶ್ವ ಪರಂಪರೆಯ ತಾತ್ಕಾಲಿಕ ಪಟ್ಟಿಗೆ ಸೇರಿತು. ನಗಾರಿಯನ್ನು ಬಡಿದು ನೋಡುವ ಚಪಲ ಹತ್ತಿದವರಿಗೆಲ್ಲ ಹುಟ್ಟುತ್ತದೆ. ಬಡಿಯದಿರುವುದು ಒಳ್ಳೆಯದು.

ಕೊಪ್ಪಳ ಊರಿಗೂ ಇಂಥದೇ ಹಳೆಯ ಕಲ್ಲುಗಳಿವೆ. ಗವಿಮಠದ ಬೆಟ್ಟದಲ್ಲಿ ಒಂದು, ಪಲ್ಲಕ್ಕಿಯಂತೆ ಕಾಣುವ ಪಾಲ್ಕಿಗುಂಡಿನಲ್ಲಿ ಇನ್ನೊಂದು, ಹೀಗೆ ಅಶೋಕನ ಎರಡು ಶಾಸನಗಳು 1931ರಲ್ಲಿ ಬೆಳಕಿಗೆ ಬಂದವು. ಅಶೋಕನ ಬೇರೊಂದು ಶಾಸನ, ಗಿರ್ನಾರ್ ಮೊದಲಾದ ಕಡೆ ಕೊರೆಸಿದ್ದು, ಜನ ಸೇರಿ ಮಾಡುವ ಉತ್ಸವಗಳನ್ನು ಕಂಡರೆ ತನಗಾಗದು, ಅವುಗಳಲ್ಲಿ ಬಹಳ ದೋಷವಿದೆ ಎನ್ನುತ್ತದೆ. ಪುಣ್ಯಕ್ಕೆ ಆ ಶಾಸನ ಕೊಪ್ಪಳದಲ್ಲಿಲ್ಲ. ಯಾಕೆಂದರೆ ಅವನ ಅಕ್ಷರಗಳಿರುವ ಅದೇ ಬೆಟ್ಟದ ಬುಡದಲ್ಲಿ ವರ್ಷಕ್ಕೊಮ್ಮೆ ಲಕ್ಷಗಟ್ಟಲೆ ಜನ ಸೇರುತ್ತಾರೆ.

ಒಂಬತ್ತನೆಯ ಶತಮಾನದ 'ಕವಿರಾಜಮಾರ್ಗ' ತಿರುಳ್ಗನ್ನಡದ ನಾಡಿಗೆ ಮೇರೆ ಹಾಕುವಾಗ ಕಿಸುವೊಳಲು, ಪುಲಿಗೆರೆ, ಒಕ್ಕುಂದದ ಜೊತೆ ಕೊಪಣವನ್ನೂ, ಎಂದರೆ ಇಂದಿನ ಕೊಪ್ಪಳವನ್ನೂ, ಹೆಸರಿಸುತ್ತದೆ. ಹತ್ತನೆಯ ಶತಮಾನದ ಕೊನೆಗೆ ಕವಿ ರನ್ನ ತನ್ನ ಪೋಷಕಿ ಅತ್ತಿಮಬ್ಬೆಯ ಪರಿಶುದ್ಧತೆಗೆ ಹೋಲಿಕೆ ಹುಡುಕುವಾಗ ಅವನಿಗೆ ನೆನಪಾದವುಗಳಲ್ಲಿ ಕೊಪಣದ ಬೆಟ್ಟವೂ ಒಂದು. ಜೈನರಿಗೆ ಅದು ಮಹಾತೀರ್ಥ. ಯಲಬುರ್ಗಾ ಆಗ ಎರಂಬರಗೆ, ಸಿಂದರ ರಾಜಧಾನಿ. ಕುಕನೂರಿನ ನವಲಿಂಗ ಗುಡಿಯ ಬಳಿಯಿಂದ ತುಸು ದೂರ ಹೋದರೆ ಇಟಗಿ. ಅಲ್ಲಿ ಚಾಲುಕ್ಯ ವಿಕ್ರಮಾದಿತ್ಯನ ದಂಡನಾಯಕ ಮಹಾದೇವ 1112ರಲ್ಲಿ ಕಟ್ಟಿಸಿದ ಗುಡಿಗೆ ಶಾಸನವೇ 'ದೇವಾಲಯ ಚಕ್ರವರ್ತಿ' ಎಂಬ ಬಿರುದು ಕೊಟ್ಟಿದೆ. ದೊಡ್ಡ ಹೆಸರುಗಳ ಕಾಲವಿದು. ಆದರೆ ಈ ಬರಹಕ್ಕೆ ಬೇಕಾದವರು ಗುಡಿ ಕಟ್ಟಿಸಿದವರಿಗಿಂತ ಗುಡಿಯ ಮುಂದೆ ಬೆಂಡು ಬತ್ತಾಸು ಮಾರಿದವರು.

ಗವಿಮಠದ ಗವಿಸಿದ್ಧೇಶ್ವರ ಜಾತ್ರೆಯಲ್ಲಿ ಪುಷ್ಯ ಬಹುಳ ಬಿದಿಗೆಗೆ ತೇರು. ಬನದ ಹುಣ್ಣಿವಿ ಆಗಿ ಎರಡು ದಿನಕ್ಕೆ, ಜನವರಿಯ ಚಳಿ ಇನ್ನೂ ಮೈಬಿಟ್ಟಿರುವುದಿಲ್ಲ. ಸುಗ್ಗಿ ಎದುರಿಗಿರುತ್ತದೆ. ಸಂಜೆ ತೇರು ಹೊರಟಾಗ ಉತ್ತತ್ತಿ, ಬಾಳೆಹಣ್ಣು ಆಕಾಶದಲ್ಲಿ ಹಾರಾಡುತ್ತವೆ. ಈ ಸೀಮೆಯಲ್ಲಿ ತೇರಿಗೆ ಉತ್ತತ್ತಿ ಒಗೆಯುವುದು ಹರಕೆ, ತಲೆಗೆ ಬಿದ್ದ ಉತ್ತತ್ತಿ ಆರಿಸಿ ತಿನ್ನುವುದು ಪ್ರಸಾದ. ಸಂಗೀತ, ಪ್ರವಚನ, ಕುಸ್ತಿ, ತೆಪ್ಪೋತ್ಸವ, ಮದ್ದು ಸುಡುವುದು ಎಲ್ಲ ಇದ್ದೇ ಇವೆ. ಈಚಿನ ವರ್ಷಗಳಲ್ಲಿ 18ನೆಯ ಪೀಠಾಧಿಪತಿ ಅಭಿನವ ಗವಿಸಿದ್ಧೇಶ್ವರ ಸ್ವಾಮೀಜಿ ಜಾತ್ರೆಯ ಜೊತೆಗೆ ನೀರು, ಗಿಡ, ರಕ್ತದಾನ, ನೇತ್ರದಾನದ ಜಾಗೃತಿ ನಡಿಗೆಯನ್ನೂ ಸೇರಿಸಿದರು. ಹೂಳು ತುಂಬಿದ ಹಿರೇಹಳ್ಳವನ್ನು ಜನರ ಕೈಯಿಂದಲೇ ಸ್ವಚ್ಛ ಮಾಡಿಸಿದ್ದು ಇಡೀ ನಾಡಿಗೆ ಸುದ್ದಿಯಾಯಿತು.

ಆದರೂ ಜಾತ್ರೆಯ ನಿಜವಾದ ರಂಗಸ್ಥಳ ಅಡುಗೆಮನೆ.

ತೇರಿಗೆ ವಾರ ಇರುವಾಗಲೇ ಸುತ್ತಲ ಹಳ್ಳಿಗಳಲ್ಲಿ ರೊಟ್ಟಿ ಬಡಿಯುವ ಸದ್ದು ಶುರು. ಓಣಿಯ ಹೆಂಗಸರು ಒಂದು ಮನೆಯ ಪಡಸಾಲೆಯಲ್ಲಿ ಸಾಲಾಗಿ ಕೂರುತ್ತಾರೆ. ಕೊಣಮಿಗೆಯಲ್ಲಿ ಕುದಿನೀರು ಹಾಕಿ ನಾದಿದ ಜೋಳದ ಹಿಟ್ಟು, ಅಂಗೈಯಡಿ ಗಿರಗಿರ ತಿರುಗುವ ರೊಟ್ಟಿ, ಹಂಚಿನ ಮೇಲೆ ನೀರು ಸವರುವ ಅರಿವೆ. ಬೆಂದ ಮೇಲೆ ಒಲೆಯ ಮಗ್ಗುಲಿಗೆ ಆನಿಸಿ ಕಟಕಟಿ ಮಾಡುತ್ತಾರೆ. ಹಾಗೆ ಒಣಗಿದ ರೊಟ್ಟಿ ತಿಂಗಳಾದರೂ ಕೆಡುವುದಿಲ್ಲ. ಅದನ್ನು ಬಿಳಿ ಬಟ್ಟೆಯಲ್ಲಿ ಗಂಟು ಕಟ್ಟಿ, ಟ್ರ್ಯಾಕ್ಟರಿಗೋ ಚಕ್ಕಡಿಗೋ ಏರಿಸಿ, ಮುಂದೆ ಭಜನೆಯ ಮೇಳ, ಕೆಲವೊಮ್ಮೆ ಕರಡಿ ಮಜಲಿನ ವಾದ್ಯದವರನ್ನು ಬಿಟ್ಟುಕೊಂಡು ಮಠಕ್ಕೆ ತರುತ್ತಾರೆ. ಹೀಗೆ ಬರುವ ರೊಟ್ಟಿಯ ಲೆಕ್ಕ ಲಕ್ಷಗಳಲ್ಲಿ. ಜೊತೆಗೆ ಬೆಲ್ಲದ ಮಾದಲಿ, ಕಾಳಿನ ಪಲ್ಯ, ಅನ್ನ, ಸಾರು. ದಾಸೋಹ ತೇರಿನ ದಿನಕ್ಕೆ ಮುಗಿಯದೆ ಅಮಾವಾಸ್ಯೆಯವರೆಗೂ ನಡೆಯುತ್ತದೆ. ಯಾರು, ಯಾವ ಊರು ಎಂದು ಕೇಳುವ ಪದ್ಧತಿಯಿಲ್ಲ.

ಇದಕ್ಕೆ ಹೊಸದಾಗಿ ಸೇರಿದ್ದು ಮಿರ್ಚಿ. ತೇರಿನ ಮರುದಿನದ ಪಂಕ್ತಿಗೆ ಲಕ್ಷಗಟ್ಟಲೆ ಮಿರ್ಚಿ ಭಜಿ ಕರಿದು ಹಾಕುವ ಸೇವೆಯನ್ನು ಭಕ್ತರೇ ಹೊತ್ತುಕೊಂಡಿದ್ದಾರೆ. ಬಾಗಿಲ ಅಗಲದ ಬಾಣಲೆಗಳ ಮುಂದೆ ಗಂಡಸರು ಸಾಲುಗಟ್ಟಿ ನಿಂತು, ಕಡಲೆಹಿಟ್ಟಿನಲ್ಲಿ ಅದ್ದಿದ ಮೆಣಸಿನಕಾಯಿಗಳನ್ನು ಒಂದೇ ಕೈಬೀಸಿಗೆ ಹತ್ತು ಹನ್ನೆರಡರಂತೆ ಎಣ್ಣೆಗೆ ಬಿಡುತ್ತಾರೆ. ಮಠದ ಪಂಕ್ತಿಯಲ್ಲಿ ಮಿರ್ಚಿಯೇ ಎಂದು ಹೊರಗಿನವರು ಹುಬ್ಬೇರಿಸಬಹುದು. ಈ ಭಾಗದವರಿಗೆ ಅದರಲ್ಲಿ ಆಶ್ಚರ್ಯವಿಲ್ಲ. ಬೇಕಾದವರಿಗೆ ಬೇಕಾದದ್ದನ್ನು ಬಡಿಸುವುದೇ ದಾಸೋಹವಾದರೆ, ಕೊಪ್ಪಳದವರಿಗೆ ಬೇಕಾದದ್ದು ಮಿರ್ಚಿ.

ತಮಾಷೆಯೆಂದರೆ ಈ ಸೀಮೆಯ ಊಟದಲ್ಲಿ 'ನಮ್ಮ ಅಜ್ಜನ ಕಾಲದ್ದು' ಎನಿಸುವ ಎರಡು ಪದಾರ್ಥ ಇಲ್ಲಿಯವೇ ಅಲ್ಲ. ಮೆಣಸಿನಕಾಯಿ ಹದಿನಾರನೆಯ ಶತಮಾನದಲ್ಲಿ ಪೋರ್ತುಗೀಸರ ಹಡಗಿನಲ್ಲಿ ಅಮೆರಿಕದಿಂದ ಗೋವಾಕ್ಕೆ ಬಂತು. ಶೇಂಗಾ ಅದೇ ಖಂಡದ ಬೆಳೆ, ದಕ್ಷಿಣದ ಹೊಲಗಳಲ್ಲಿ ವ್ಯಾಪಕವಾಗಿ ಹರಡಿದ್ದು 19ನೆಯ ಶತಮಾನದಲ್ಲಿ. ಇಟಗಿಯ ದಂಡನಾಯಕ ಮಹಾದೇವನಿಗೆ ಶೇಂಗಾ ಹೋಳಿಗೆಯ ರುಚಿ ಗೊತ್ತಿರಲಿಲ್ಲ, ಮಿರ್ಚಿಯ ಖಾರವೂ ಗೊತ್ತಿರಲಿಲ್ಲ. ಜೋಳ, ಸಜ್ಜೆ, ಗುರೆಳ್ಳು, ಹೆಸರು, ಪುಂಡಿಪಲ್ಯ — ಇವು ಹಳೆಯವು.

ಹಂಪಿಯ ವೈಭವದ ಮಾತು ಬಂದಾಗ ಹೊಳೆಯ ಈಚೆಯ ದಂಡೆಯನ್ನು ಮರೆಯುವುದು ರೂಢಿ. ಆನೆಗೊಂದಿ ಇರುವುದು ಗಂಗಾವತಿ ತಾಲ್ಲೂಕಿನಲ್ಲಿ, ವಿಜಯನಗರಕ್ಕಿಂತ ಹಿರಿಯ ಊರು. 1520ರ ಸುಮಾರಿಗೆ ಬಂದ ಪೋರ್ತುಗೀಸ ಡೊಮಿಂಗೊ ಪೇಸ್ ಒಂಬತ್ತು ದಿನದ ಮಹಾನವಮಿಯನ್ನು ಕಣ್ಣಾರೆ ಕಂಡು, ಕುಣಿಯುವ ಹೆಂಗಸರನ್ನೂ ಜಟ್ಟಿಗಳ ಕಾಳಗವನ್ನೂ ಬಾಣಬಿರುಸನ್ನೂ ಬಿಡದೆ ಬರೆದ. ಆನೆಗೊಂದಿಗೆ ಹೊಳೆ ದಾಟುವ ದೋಣಿಗಳನ್ನೂ ಅವನು ಬಣ್ಣಿಸಿದ್ದಾನೆ. ಬುಟ್ಟಿಯ ಹಾಗೆ ದುಂಡಗೆ, ಒಳಗೆ ಬೆತ್ತ, ಹೊರಗೆ ತೊಗಲು, ಹದಿನೈದಿಪ್ಪತ್ತು ಜನ ಕೂರಬಹುದು ಎಂದು. ಅದೇ ಹರಿಗೋಲು ಇವತ್ತು ಸಾಣಾಪುರದ ಕೆರೆಯಲ್ಲಿ ಪ್ರವಾಸಿಗರನ್ನು ಕೂರಿಸಿಕೊಂಡು ಗಿರಗಿರ ತಿರುಗುತ್ತದೆ. ತೊಗಲಿನ ಜಾಗಕ್ಕೆ ಪ್ಲಾಸ್ಟಿಕ್ ಹಾಳೆ, ಡಾಂಬರು ಬಂದಿವೆ. ತಿರುಗಿಸುವ ಕೈಚಳಕ ಮಾತ್ರ ಹಳೆಯದೇ. ಹೊಳೆ ದಾಟಿಸುವುದು ಕಸುಬಾಗಿದ್ದಾಗ ಹರಿಗೋಲು ನೇರ ಹೋಗಬೇಕಿತ್ತು. ಮೋಜಿನ ಸವಾರಿಯಾದ ಮೇಲೆ ಅದು ಸುತ್ತಿದಷ್ಟೂ ದುಡ್ಡು. ಪಕ್ಕದ ವಿರೂಪಾಪುರ ಗಡ್ಡೆಯಲ್ಲಿ ಹಿಪ್ಪಿಗಳ ಕಾಲದಿಂದ ಬೆಳೆದಿದ್ದ ರೆಸಾರ್ಟುಗಳ ಲೋಕ ಮಾತ್ರ ಸುಪ್ರೀಂ ಕೋರ್ಟಿನ ಆದೇಶದ ಮೇಲೆ 2020ರಲ್ಲಿ ನೆಲಸಮವಾಯಿತು. ಈಗ ಆ ದಾರಿಯ ಜನವೆಲ್ಲ ಅಂಜನಾದ್ರಿಯ 575 ಮೆಟ್ಟಿಲ ಕಡೆಗೆ.

1565ರಲ್ಲಿ ವಿಜಯನಗರ ಹಾಳಾದ ನಂತರ ಹಂಪಿಯ ಕಸುಬುದಾರರು ಎಲ್ಲೆಲ್ಲಿಗೋ ಚೆದುರಿದರು. ಕೊಪ್ಪಳದಿಂದ ಹತ್ತು ಹನ್ನೆರಡು ಕಿಲೋಮೀಟರ್ ದೂರದ ಕಿನ್ನಾಳದ ಚಿತ್ರಗಾರ ಮನೆತನಗಳ ನಂಬಿಕೆ ಅಲ್ಲಿಂದ ಶುರುವಾಗುತ್ತದೆ. ವಿರೂಪಾಕ್ಷ ಗುಡಿಯ ಚಾವಣಿಯ ಚಿತ್ರ ಬರೆದವರು ತಮ್ಮ ಹಿರಿಯರು ಎನ್ನುತ್ತಾರೆ ಅವರು. ಶಾಸನದ ಸಾಕ್ಷಿ ಕೇಳಿದರೆ ನಗುತ್ತಾರೆ. ಅವರ ಸಾಕ್ಷಿ ಕೈಯಲ್ಲಿದೆ.

ಕಿನ್ನಾಳದ ಗೊಂಬೆಯನ್ನು ಎತ್ತಿದವರಿಗೆ ಮೊದಲು ತಿಳಿಯುವುದು ಅದರ ಹಗುರ. ಮೊಳದುದ್ದದ ಗರುಡ ಬೆರಳಲ್ಲಿ ಎತ್ತುವಂತಿರುತ್ತದೆ. ಕಾರಣ ಪೊಣಕಿ ಮರ. ಕೊಂಡಪಲ್ಲಿ, ನಿರ್ಮಲ್‌ನ ಗೊಂಬೆಯವರೂ ಬಳಸುವುದು ಇದನ್ನೇ. ಗೊಂಬೆಯ ಕೈ, ಕಾಲು, ರೆಕ್ಕೆ ಬೇರೆ ಬೇರೆ ಕೆತ್ತಿ ಹುಣಸೆಬೀಜದ ಅಂಟಿನಿಂದ ಕೂಡಿಸುತ್ತಾರೆ. ಸೆಣಬಿನ ಚಿಂದಿಯನ್ನು ನೆನೆಸಿ, ಒಣಗಿಸಿ, ಕುಟ್ಟಿ, ಮರದ ಹೊಟ್ಟು ಮತ್ತು ಅದೇ ಹುಣಸೆ ಅಂಟಿನ ಜೊತೆ ಕಲಸಿದರೆ 'ಕಿಟ್ಟ' ಸಿದ್ಧ. ಸಂದು ತುಂಬುವುದು, ಮೂಗು ತಿದ್ದುವುದು ಎಲ್ಲ ಕಿಟ್ಟದ ಕೆಲಸ. ಅದರ ಮೇಲೆ ಬಿಳಿಕಲ್ಲಿನ ಪುಡಿಯ ಲೇಪ. ಆಮೇಲೆ ಬಣ್ಣ.

ಬಣ್ಣಕ್ಕಿಂತ ಹೆಚ್ಚಿನ ಗುಟ್ಟು ಲಾಜವಾರದ್ದು. ತವರವನ್ನು ಪುಡಿ ಮಾಡಿ ಅಂಟಿನೊಂದಿಗೆ ಅರೆದು ಬಳಿಯುವ ಲೇಪ ಅದು. ಹಚ್ಚಿದಾಗ ಬೂದಿಯ ಬಣ್ಣ, ಯಾರಿಗೂ ಬೇಡದಂತೆ ಕಾಣುತ್ತದೆ. ಒಣಗಿದ ಮೇಲೆ ನುಣ್ಣನೆಯ ಮಣಿಯಿಂದ ತಿಕ್ಕಬೇಕು, ಒಂದೇ ದಿಕ್ಕಿಗೆ, ಆತುರಪಡದೆ. ತಿಕ್ಕುತ್ತ ತಿಕ್ಕುತ್ತ ಕಿರೀಟದ ಅಂಚಿನಲ್ಲಿ ಬೆಳ್ಳಿ ಮೂಡುತ್ತದೆ. ಮೇಲೆ ಹಳದಿ ವಾರ್ನಿಷ್ ಎಳೆದರೆ ಬೆಳ್ಳಿ ಬಂಗಾರವಾಗುತ್ತದೆ. ಮೈಸೂರಿನ ಚಿತ್ರಗಳಲ್ಲಿ ಹಾಳೆ ಬಂಗಾರ, ಕಿನ್ನಾಳದಲ್ಲಿ ತವರ. ರಾಜರ ದುಡ್ಡಿಲ್ಲದ ಊರು ಬಂಗಾರವನ್ನು ಹೀಗೆ ಕಂಡುಕೊಂಡಿತು.

ಈ ಗೊಂಬೆಗಳನ್ನು 'ಆಟಿಕೆ' ಎಂದು ಸರ್ಕಾರದ ಕಡತಗಳು ಕರೆಯುತ್ತವೆ, ಭೌಗೋಳಿಕ ಸೂಚಿಯ ಮಾನ್ಯತೆಯೂ 'ಕಿನ್ನಾಳ ಆಟಿಕೆ' ಎಂಬ ಹೆಸರಿಗೇ ಸಿಕ್ಕಿದೆ. ಹೆಸರು ಪೂರ್ತಿ ಸರಿಯಲ್ಲ. ಗೌರಿ, ಗರುಡ, ಕಾಮಧೇನು, ನಂದಿ, ಹೋಳಿಯ ಕಾಮ–ರತಿ, ಗ್ರಾಮದೇವತೆಯ ಮೂರ್ತಿ, ಪಲ್ಲಕ್ಕಿ, ಮದುವೆಯ ಮಣೆ — ಚಿತ್ರಗಾರನ ವರ್ಷ ಹಬ್ಬದ ಸಾಲಿನ ಮೇಲೆ ಸಾಗುತ್ತಿತ್ತು. ಬಣ್ಣ ಮಾಸಿದ ದೇವರನ್ನು ಜಾತ್ರೆಗೆ ಮುಂಚೆ ಅವನ ಮನೆಗೆ ತಂದರೆ ಮತ್ತೆ ಬರೆದು ಕಳಿಸಬೇಕು. ಕೂಲಿ ಕಾಳಿನಲ್ಲಿ. ಮಕ್ಕಳ ಗೊಂಬೆ ಉಳಿದ ಹೊತ್ತಿನ, ಉಳಿದ ಕಟ್ಟಿಗೆಯ ಕೆಲಸ. ಮುಂದೆ ಪೇಟೆಗೆ ಬೇಕಾದದ್ದು ಆ ಉಳಿದ ಕಟ್ಟಿಗೆಯ ಗೊಂಬೆಯೇ. 2022ರ ಗಣರಾಜ್ಯೋತ್ಸವದಲ್ಲಿ ಕರಕುಶಲ ಕಲೆಗಳನ್ನು ಹೊತ್ತ ಕರ್ನಾಟಕದ ಸ್ತಬ್ಧಚಿತ್ರದಲ್ಲಿ ಕಿನ್ನಾಳವೂ ದೆಹಲಿಯ ರಾಜಪಥ ಕಂಡಿತು.

ಅದಕ್ಕೂ ಒಂದು ವರ್ಷ ಮುಂಚೆ, 2021ರ ಜನವರಿಯಲ್ಲಿ, ಕುಕನೂರು ತಾಲ್ಲೂಕಿನ ಭಾನಾಪುರದಲ್ಲಿ 400 ಎಕರೆಯ ಆಟಿಕೆ ಕ್ಲಸ್ಟರಿಗೆ ಅಡಿಗಲ್ಲು ಬಿತ್ತು. ಪ್ಲಾಸ್ಟಿಕ್ಕು, ಯಂತ್ರ, ರಫ್ತು ಅದರ ಲೆಕ್ಕ. ಕಿನ್ನಾಳದಿಂದ ಅಲ್ಲಿಗೆ ಬಹಳ ದೂರವಿಲ್ಲ. ಜಾಗ ಆರಿಸುವಾಗ ಕೊಪ್ಪಳಕ್ಕೆ ಆಟಿಕೆಯ ಪರಂಪರೆ ಇದೆ ಎಂಬ ಮಾತೂ ಬಂದಿತ್ತು. ಪರಂಪರೆಗೆ ಇಂಥ ಉಪಯೋಗವೂ ಇದೆ.

ಗೊಂಬೆಯ ಇನ್ನೊಂದು ವಂಶ ಮೋರನಾಳದ್ದು. ಕೊಪ್ಪಳ ತಾಲ್ಲೂಕಿನ ಈ ಊರಿನ ಶಿಳ್ಳೆಕ್ಯಾತರು ಮನೆಯಲ್ಲಿ ಮರಾಠಿಯ ಒಂದು ಬಗೆ ಮಾತಾಡುತ್ತಾರೆ, ಪರದೆಯ ಹಿಂದೆ ಅಚ್ಚ ಕನ್ನಡ. ಹಗಲು ಹೊಳೆ ಕೆರೆಯಲ್ಲಿ ಮೀನು, ರಾತ್ರಿ ರಾಮಾಯಣ. ಆಡಿನ ತೊಗಲನ್ನು ಹದ ಮಾಡಿ, ಬೆಳಕು ತೂರುವಷ್ಟು ತೆಳುವಾಗಿ ಹೆರೆದು, ಉಳಿಯಿಂದ ಆಭರಣದ ತೂತುಗಳನ್ನು ಕೊರೆದು, ಎರಡೂ ಮಗ್ಗುಲಿಗೆ ಬಣ್ಣ ಹಾಕಿದರೆ ಗೊಂಬೆ. ದಕ್ಷಿಣದ ಚಿಕ್ಕ ತೊಗಲುಗೊಂಬೆಯ ಹಾಗಲ್ಲದೆ ಬಳ್ಳಾರಿ–ಕೊಪ್ಪಳದ ಕಡೆಯವು ದೊಡ್ಡವು, ಮೂರು ನಾಲ್ಕು ಅಡಿ ಎತ್ತರದ ರಾವಣನೂ ಉಂಟು. ಕಂಬಳಿಯ ಮರೆ, ಬಿಳಿ ಪಂಚೆಯ ಪರದೆ, ಹಿಂದೆ ಒಂದು ದೀಪ. ಯುದ್ಧ ಜೋರಾದಾಗ ಕಾಲಡಿಯ ಹಲಗೆ ತುಳಿದು ಸದ್ದು ಮಾಡುತ್ತಾರೆ. ಕಥೆ ಭಾರವಾದಾಗ ಡೊಳ್ಳುಹೊಟ್ಟೆಯ ಕಿಳ್ಳೇಕ್ಯಾತನೂ ಅವನ ಹೆಂಡತಿ ಬಂಗಾರಕ್ಕನೂ ನುಗ್ಗಿ ಊರಗೌಡನಿಂದ ಹಿಡಿದು ಎಲ್ಲರನ್ನೂ ಬೈದು ಹೋಗುತ್ತಾರೆ. ಬೈಸಿಕೊಂಡವರು ಮರುದಿನ ಕಾಳು ಅಳೆದು ಕೊಡುತ್ತಾರೆ.

ಮಳೆ ಹೋದ ವರ್ಷ ಇವರಿಗೆ ಬುಲಾವು ಹೆಚ್ಚು. ಗೊಂಬಿ ಆಡಿಸಿದರೆ ಮಳೆ ಬರುತ್ತದೆ, ದನಗಳ ರೋಗ ಹೋಗುತ್ತದೆ ಎಂಬ ನಂಬಿಕೆ ಈ ಒಣಭೂಮಿಯಲ್ಲಿ ಗಟ್ಟಿ. ಬೇರೆ ಕಡೆ ಬರ ಬಂದರೆ ಮೊದಲು ರದ್ದಾಗುವುದು ಕಲಾ ಕಾರ್ಯಕ್ರಮ, ಇಲ್ಲಿ ಬರ ಬಂದರೆ ಆಟ ಕಟ್ಟುತ್ತಾರೆ. ಮೋರನಾಳದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೆಕ್ಯಾತರ ಏಳು ದಶಕಕ್ಕೂ ಮೀರಿ ಈ ಪರದೆಯ ಹಿಂದೆ ಕೂತು ಹಾಡಿದವರು, ಗೊಂಬೆಗಳನ್ನು ವಿದೇಶಗಳಿಗೂ ಒಯ್ದವರು. 2025ರಲ್ಲಿ ಪದ್ಮಶ್ರೀ ಬಂದಾಗ ಅವರಿಗೆ 96 ವರ್ಷ. ಟಿ.ವಿ. ಕ್ಯಾಮೆರಾಗಳು ಮೋರನಾಳದ ದಾರಿ ಕೇಳಿಕೊಂಡು ಬಂದವು.

ಈ ಕಸುಬುಗಳಿಗೆ ಆಸರೆ ಯಾರು? ಕೊಪ್ಪಳ, ಯಲಬುರ್ಗಾ ಹೈದರಾಬಾದಿನ ನಿಜಾಮನ ರಾಜ್ಯದೊಳಗೆ ಸಾಲಾರ್ ಜಂಗ್ ಮನೆತನದ ಜಹಗೀರಿಯಾಗಿದ್ದವು. ಆ ಮನೆತನದ ಮೂರನೆಯ ಸಾಲಾರ್ ಜಂಗ್ ಜಗತ್ತಿನ ಮೂಲೆಮೂಲೆಯಿಂದ ಕಲಾವಸ್ತು ಕೂಡಿಸಿದ. ಅದು 1951ರಲ್ಲಿ ಹೈದರಾಬಾದಿನ ವಸ್ತುಸಂಗ್ರಹಾಲಯವಾಯಿತು. ಅಲ್ಲಿಯ ಮುಸುಕು ಹೊದ್ದ ರೆಬೆಕಾಳ ಅಮೃತಶಿಲೆಯ ಮೂರ್ತಿಗೆ ಆ ಮನೆತನ ಕೊಟ್ಟ ಹಣದಲ್ಲಿ ಈ ಕಡೆಯ ಜೋಳದ ಹೊಲದ ಕಂದಾಯದ ಪಾಲೂ ಇತ್ತೆಂದು ಭಾವಿಸಿದರೆ ತಪ್ಪಾಗದು. ಹಳ್ಳಿಯ ಗೊಂಬೆಯವನಿಗೆ ಆಸರೆ ನವಾಬನಲ್ಲ, ದೇಸಾಯಿ, ಗೌಡ, ಮಠ, ಮತ್ತೆ ಸುಗ್ಗಿಯಲ್ಲಿ ಕಣದಿಂದ ಕಣಕ್ಕೆ ಹೋಗಿ ತರುವ ಕಾಳು. ಗದಗ–ಹೊಸಪೇಟೆ ರೈಲು ಬಂದ ಮೇಲೆ ಜಾತ್ರೆಗಳಿಗೆ ಕಂಪನಿ ನಾಟಕದ ತಗಡಿನ ಡೇರೆಗಳೂ ಬಂದವು. ಕುಕನೂರು ನಟನಟಿಯರ ಊರಾಯಿತು. ಅಲ್ಲಿಯ ರೆಹಮಾನವ್ವ ಕಲ್ಮನಿ ವೃತ್ತಿರಂಗಭೂಮಿಯಲ್ಲಿ ಹೆಸರು ಮಾಡಿದರು. ಪಕ್ಕದ ದ್ಯಾಂಪುರದಲ್ಲಿ 1918ರಲ್ಲಿ ಹುಟ್ಟಿದ ಸಿದ್ದಯ್ಯ ಪುರಾಣಿಕರು ದೊಡ್ಡ ಅಧಿಕಾರಿಯಾದರೂ ಕವಿ 'ಕಾವ್ಯಾನಂದ'ರಾಗಿಯೇ ಜನರಿಗೆ ಗೊತ್ತು. 1948ರ ಸೆಪ್ಟೆಂಬರಿನಲ್ಲಿ ನಿಜಾಮನ ಆಳಿಕೆ ಮುಗಿಯಿತು, ಹುಣ್ಣಿವಿಯ ಲೆಕ್ಕ ಮಾತ್ರ ನಡೆದೇ ಇತ್ತು.

ಜ್ಯೇಷ್ಠದಲ್ಲಿ ಕಾರಹುಣ್ಣಿವಿ. ಹಿಂದಿನ ದಿನ ಎತ್ತುಗಳಿಗೆ ಹೊನ್ನುಗ್ಗಿ, ಮರುದಿನ ಕೊಂಬಿಗೆ ಬಣ್ಣ, ಸಂಜೆ ಅಗಸಿಯಲ್ಲಿ ಕರಿ ಹರಿಯುವ ಓಟ. ಶ್ರಾವಣದ ಪಂಚಮಿಗೆ ತವರಿಗೆ ಬಂದ ಹೆಣ್ಣುಮಕ್ಕಳು ಬೇವಿನ ಮರದ ಜೋಕಾಲಿ ಏರಿದರೆ, ಗಂಡುಹುಡುಗರದು ಬೇರೆ ಹುಚ್ಚು. ಇಷ್ಟೇ ಎಸೆತಕ್ಕೆ ಲಿಂಬಿಹಣ್ಣು ಮುಂದಿನ ಊರಿನ ಅಗಸಿ ಮುಟ್ಟಿಸಬೇಕು ಎಂಬ ಪಂದ್ಯ. ಒಬ್ಬ ಎಸೆಯುತ್ತಾನೆ, ಇಪ್ಪತ್ತು ಜನ ಹಿಂದೆ ಓಡುತ್ತಾರೆ, ಹೊಲದಲ್ಲಿ ಹಣ್ಣು ಕಳೆದರೆ ಜಗಳ. ಗುಡಿಯ ಮುಂದೆ ಸಂಗ್ರಾಣಿ ಕಲ್ಲು ಎತ್ತುವವರದು ಮತ್ತೊಂದು ಗುಂಪು. ಕುಷ್ಟಗಿ, ಯಲಬುರ್ಗಾದ ಹಳ್ಳಿಗಳಿಂದ ಬೆಂಗಳೂರು, ಮಂಗಳೂರು, ಗೋವಾಕ್ಕೆ ಗುಳೆ ಹೋದವರು ವರ್ಷದಲ್ಲಿ ಎರಡು ಸಲವಾದರೂ ಊರು ಮುಟ್ಟಬೇಕೆಂದು ಹೊರಡುವುದು ಇಂಥ ದಿನಗಳಿಗೇ. ಒಂದು ಊರ ಜಾತ್ರೆ, ಇನ್ನೊಂದು ಅಲಾಯಿ.

ಅಲಾಯಿ ಎಂದರೆ ಮೊಹರಂ. ಮುಸ್ಲಿಮರ ಒಂದು ಮನೆಯೂ ಇಲ್ಲದ ಊರಲ್ಲೂ ಪೀರಲ ದೇವರು ಕೂಡುತ್ತವೆ, ಅಲಾಯಿ ಕುಣಿ ತೋಡುತ್ತಾರೆ, ಕುಣಿಯ ಸುತ್ತ ಹೆಜ್ಜೆ ಮೇಳ ಹಾಕುತ್ತಾರೆ. ಕರ್ಬಲಾದ ದುಃಖವನ್ನು ಕನ್ನಡದ ರಿವಾಯತ್ ಪದಗಳಲ್ಲಿ ಹೇಳುತ್ತಾರೆ. ಮನೆಮನೆಯಲ್ಲಿ ಚೊಂಗ್ಯಾ, ಮಾದಲಿ. ಹಿಜರಿ ತಿಂಗಳೂ ಚಂದ್ರನದೇ, ಆದರೆ ಅದಕ್ಕೆ ಅಧಿಕ ಮಾಸದ ಹೊಂದಾಣಿಕೆ ಇಲ್ಲ. ಹಾಗಾಗಿ ಅಲಾಯಿ ವರ್ಷಕ್ಕೆ ಹನ್ನೊಂದು ದಿನದಂತೆ ಹಿಂದೆ ಸರಿಯುತ್ತ ಒಮ್ಮೆ ಬಿತ್ತಿಗೆಯಲ್ಲಿ, ಒಮ್ಮೆ ಸುಗ್ಗಿಯಲ್ಲಿ ಬರುತ್ತದೆ. ಬಿತ್ತಿಗೆಯಲ್ಲಿ ಬಂದ ವರ್ಷ ಕೂರಿಗೆ ಬಿಟ್ಟು ಹೆಜ್ಜೆ ಹಾಕಿದವರನ್ನು ಮನೆಯ ಹಿರಿಯರು ಬೈಯುತ್ತಾರೆ. ಬೈಯುತ್ತಲೇ ತಾವೂ ನೋಡಲು ಹೋಗುತ್ತಾರೆ.

ಗಂಗಾವತಿಯ ದಾರಿ ಬೇರೆಯಾದದ್ದು ನೀರಿನಿಂದ. 1945ರಲ್ಲಿ ಅಡಿಗಲ್ಲು ಹಾಕಿದ ತುಂಗಭದ್ರಾ ಅಣೆಕಟ್ಟು 1953ಕ್ಕೆ ಮುಗಿದು, ಮುನಿರಾಬಾದಿನ ಎಡದಂಡೆ ಕಾಲುವೆ ಹರಿಯಿತು. ಆಂಧ್ರದ ರೈತರು ಬಂದು ನೆಲೆಸಿದ ಊರುಗಳು 'ಕ್ಯಾಂಪ್'ಗಳಾದವು. ಹಬ್ಬಕ್ಕೆ ಮಾತ್ರ ಅನ್ನ ಕಂಡಿದ್ದ ಸೀಮೆಗೆ ಭತ್ತದ ಕಣಜ ಎಂಬ ಹೆಸರು ಬಂತು. ಪಪ್ಪು, ಆವಕಾಯಿ, ತೆಲುಗು ಸಿನಿಮಾ ಊರೊಳಗೆ ಬಂದವು, ಸಂಕ್ರಾಂತಿಯ ರಂಗೋಲಿ ದೊಡ್ಡದಾಯಿತು. ಒಂದೇ ಜಿಲ್ಲೆಯಲ್ಲಿ ಎರಡು ತಟ್ಟೆ. ಯಲಬುರ್ಗಾದಲ್ಲಿ ಸಜ್ಜಿ ರೊಟ್ಟಿ, ಗಂಗಾವತಿಯಲ್ಲಿ ಸೋನಾ ಮಸೂರಿ.

ಎರಡನ್ನೂ ಕೂಡಿಸಿದ್ದು ಮುಂಜಾನೆಯ ವಗ್ಗರಣಿ. ಮಂಡಾಳನ್ನು ನೀರಲ್ಲಿ ಅದ್ದಿ ಹಿಂಡಿ, ಉಳ್ಳಾಗಡ್ಡಿ, ಹಸಿಮೆಣಸಿನಕಾಯಿಯ ಒಗ್ಗರಣೆಗೆ ಹಾಕಿ, ಪುಟಾಣಿ ಹಿಟ್ಟು ಉದುರಿಸಿದರೆ ಆಯಿತು. ಪಕ್ಕದಲ್ಲಿ ಬಿಸಿ ಮಿರ್ಚಿ ಇಲ್ಲದಿದ್ದರೆ ತಟ್ಟೆ ವಾಪಸು ಹೋಗುತ್ತದೆ. ಕಾಗದದ ಮೇಲೆ ಎಣ್ಣೆ ಇಂಗುವಷ್ಟರಲ್ಲಿ ತಿಂದು ಮುಗಿಸಬೇಕು. ಈ ಅಂಗಡಿಗಳ ಮುಂದಿನ ಮಾತನ್ನೇ ಹಿಡಿದು ಹಾಸ್ಯಸಾಹಿತಿ ಬೀchiಯ ದಾರಿಯಲ್ಲಿ ನಗಿಸಲು ಹೊರಟವರು ಬಿ. ಪ್ರಾಣೇಶ್. 'ಗಂಗಾವತಿ ಪ್ರಾಣೇಶ್' ಎಂದು ಊರಿನ ಹೆಸರನ್ನು ಅಮೆರಿಕದ ಕನ್ನಡ ಕೂಟಗಳವರೆಗೆ ಒಯ್ದರು. ಅದಕ್ಕೂ ಮುಂಚೆ ವೇದಿಕೆಯ ಮೇಲೆ ಈ ಕಡೆಯ ಭಾಷೆ ಬಂದರೆ ಅದು ಹೆಚ್ಚಾಗಿ ಸೇವಕನ ಪಾತ್ರಕ್ಕೆ. ಪ್ರಾಣೇಶರ ನಗೆಹಬ್ಬದಲ್ಲಿ ಅದೇ ಭಾಷೆ ಎರಡು ತಾಸು ಒಂಟಿಯಾಗಿ ವೇದಿಕೆ ಆಳಿತು.

ಸರ್ಕಾರಕ್ಕೂ ಉತ್ಸವದ ರುಚಿ ಹತ್ತಿತು. ಆನೆಗೊಂದಿ ಉತ್ಸವ, ಕನಕಗಿರಿ ಉತ್ಸವ, ಇಟಗಿ ಉತ್ಸವ. ಕಾಲಿದ್ದವರು ಹಂಪಿ ನೋಡಬೇಕು, ಕಣ್ಣಿದ್ದವರು ಕನಕಗಿರಿ ನೋಡಬೇಕು ಎಂಬ ಗಾದೆ ಪಡೆದ ಕನಕಾಚಲಪತಿಯ ಗುಡಿಗೆ ಬಣ್ಣದ ದೀಪ ಹಾಕಿದರೆ ಚೆಂದವೇ. ಸಿನಿಮಾ ಗಾಯಕರು ಬರುತ್ತಾರೆ, ಲೇಸರ್ ಬೆಳಕು ಬೀಳುತ್ತದೆ. ಸ್ಥಳೀಯ ಕರಡಿ ಮಜಲಿನವರಿಗೆ ಮೆರವಣಿಗೆಯಲ್ಲಿ ಜಾಗ, ಮುಖ್ಯ ವೇದಿಕೆಯಲ್ಲಿ ಸಿಕ್ಕರೆ ಹತ್ತು ನಿಮಿಷ. ಬರ ಬಂದರೆ, ಚುನಾವಣೆ ಬಂದರೆ, ಅನುದಾನ ಬಾರದಿದ್ದರೆ ಉತ್ಸವ ಮುಂದೆ ಹೋಗುತ್ತದೆ, ಕೆಲವೊಮ್ಮೆ ವರ್ಷಗಟ್ಟಲೆ. ಅದೇ ಕನಕಾಚಲಪತಿಯ ತೇರು ಮಾತ್ರ ಹೋಳಿ ಕಳೆದ ಮೇಲೆ ತನ್ನ ತಿಥಿಗೆ ಹೊರಡುತ್ತದೆ. ಅದಕ್ಕೆ ಮಂತ್ರಿಗಳ ದಿನಚರಿ ಕೇಳಬೇಕಿಲ್ಲ.

ಕಾರ್ತಿಕದ ಗೌರಿ ಹುಣ್ಣಿವಿಗೆ ಹತ್ತು ದಿನ ಇರುವಾಗ ಕೊಪ್ಪಳದ ಪೇಟೆಯಲ್ಲಿ ಸಕ್ಕರೆ ಗೊಂಬೆಯ ಒಲೆಗಳು ಹೊತ್ತುತ್ತವೆ. ಸಾಗವಾನಿಯ ಎರಡು ಹೋಳಿನ ಅಚ್ಚುಗಳನ್ನು ನೀರಿನಿಂದ ತೆಗೆದು ದಾರದಿಂದ ಬಿಗಿಯುತ್ತಾರೆ. ಪಾಕ ಎಳೆ ಬಂದೊಡನೆ ಹೊಯ್ಯುತ್ತಾರೆ. ಸ್ವಲ್ಪ ತಡವಾದರೆ ಪಾಕ ಪಾತ್ರೆಯಲ್ಲೇ ಕಲ್ಲಾಗುತ್ತದೆ, ಬೇಗ ಬಿಚ್ಚಿದರೆ ಆನೆಯ ಕಾಲು ಅಚ್ಚಿನಲ್ಲೇ ಉಳಿಯುತ್ತದೆ. ಆನೆ, ಒಂಟೆ, ಕುದುರೆ, ತೇರು, ಗೋಪುರ, ಬಿಳಿಯದು, ಗುಲಾಬಿ, ಹಳದಿ. ನಿಶ್ಚಯವಾದ ಹುಡುಗಿಯ ಮನೆಗೆ ಬೀಗರು ಸೀರೆ, ಹೂವಿನ ಜೊತೆ ಬುಟ್ಟಿ ತುಂಬ ಸಕ್ಕರೆ ಆರತಿ ಕಳಿಸಬೇಕು. ಎಷ್ಟು ಕಿಲೋ ಕಳಿಸಿದರು ಎಂಬುದರ ಮೇಲೆ ಓಣಿಯಲ್ಲಿ ಒಂದು ವಾರದ ಮಾತಿಗೆ ಸಾಮಾನು ಸಿಗುತ್ತದೆ.

ಹುಣ್ಣಿವಿಯ ಸಂಜೆ ಕಿನ್ನಾಳದ ಓಣಿಯಲ್ಲಿ ಅಟ್ಟದಿಂದ ಗೌರಿ ಇಳಿಯುತ್ತಾಳೆ. ವರ್ಷವಿಡೀ ಹಳೆಯ ಸೀರೆಯಲ್ಲಿ ಸುತ್ತಿಟ್ಟಿದ್ದ ಮರದ ಗೌರಿ, ತವರದ ಕಿರೀಟದ ಮೇಲೆ ದೀಪ ಹೊಳೆಯುತ್ತದೆ. ಹುಡುಗಿಯರು ತಟ್ಟೆಯಲ್ಲಿ ಸಕ್ಕರೆಯ ಆನೆ ಒಂಟೆ ಜೋಡಿಸಿ, ನಡುವೆ ಬತ್ತಿ ಹಚ್ಚಿ, ಒಂದು ಕೈ ಗಾಳಿಗೆ ಅಡ್ಡ ಹಿಡಿದುಕೊಂಡು ಹಾಡುತ್ತ ಬರುತ್ತಾರೆ. ತಮ್ಮಂದಿರು ಜೊತೆಗೇ ಬರುತ್ತಾರೆ, ಆದರೆ ಅವರ ಕಣ್ಣು ಗೌರಿಯ ಮೇಲಿರುವುದಿಲ್ಲ. ಆರತಿ ಮುಗಿದು ತಟ್ಟೆ ಕೆಳಗಿಟ್ಟ ಕ್ಷಣಕ್ಕೆ ಮೊದಲು ಮುರಿಯುವುದು ಆನೆಯ ಸೊಂಡಿಲು.